ಕರಿನೀರಿನಾಚೆಯ ದ್ವೀಪಗಳಿಗೆ ಹೊರಡುವ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ



ದಸರೆಯ ಅಥವಾ ಡಿಸೆಂಬರಿನ ರಜೆಯಲ್ಲಿ ಅಂಡಮಾನಿಗೆ ಹೋಗಿಬರಬೇಕೆಂದು ನಿಶ್ಚಯಿಸಿ, ಪ್ರವಾಸ ಏಜೆಂಟರಿಂದ ‘ಐದು ರಾತ್ರಿ, ಆರು ಹಗಲು’ ಎಂಬ ಒಕ್ಕಣೆಯ ಪಟ್ಟಿಗಳನ್ನು ತರಿಸಿಕೊಂಡು, ಅವುಗಳಲ್ಲಿ ಯಾವುದರಲ್ಲಿ ಸ್ಥಳಗಳು ಹೆಚ್ಚು, ಯಾವುದರ ದರ ಕಡಿಮೆ ಎಂದು ತೂಗಿನೋಡುತ್ತಿರುವ ಕುಟುಂಬಗಳಿಗೆ, ಹಾಗೆಯೇ ರಜೆ ಪ್ರಯಾಣ ರಿಯಾಯಿತಿ, ಅಂದರೆ ಎಲ್‌ಟಿಸಿ ಎಂದು ಕಚೇರಿಗಳಲ್ಲಿ ಕರೆಯುವ ಸೌಲಭ್ಯವನ್ನು ಈ ವರ್ಷ ದ್ವೀಪಕ್ಕೇ ಬಳಸೋಣವೆಂದು ಮನಸ್ಸು ಮಾಡಿರುವ ಕೇಂದ್ರ ಸರ್ಕಾರಿ ನೌಕರರಿಗೆ ಈ ಪತ್ರವನ್ನು ಉದ್ದೇಶಿಸಲಾಗಿದೆ. ಇಂಥ ಪಟ್ಟಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಇರುವ ದೋಷ ಒಂದೇ: ಅವು ಸ್ಥಳಗಳನ್ನು ಎಣಿಸುತ್ತವೆ, ಸಮುದ್ರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಲೂರು–ಹಳೇಬೀಡಿನ ದಾರಿಯಲ್ಲಿ ಗಾಡಿ ಕೆಟ್ಟರೆ ಒಂದು ಗುಡಿ ತಪ್ಪಿಹೋಗುತ್ತದೆ, ಅಷ್ಟೆ. ಅಂಡಮಾನಿನಲ್ಲಿ ಒಂದು ದಿನ ಹಡಗು ಹೊರಡದಿದ್ದರೆ ಊರಿಗೆ ಮರಳುವ ವಿಮಾನವೇ ತಪ್ಪುತ್ತದೆ. ಅಲ್ಲಿ ದಿನಚರಿಯನ್ನು ಬರೆಯುವವರು ಸೂರ್ಯ, ಮಳೆ, ಉಬ್ಬರವಿಳಿತ ಮತ್ತು ಹಡಗುಕಟ್ಟೆಯ ಅಧಿಕಾರಿ. ಏಜೆಂಟ್ ಬರೆದದ್ದು ಕರಡು ಮಾತ್ರ.

ಬಂಗಾಳ ಕೊಲ್ಲಿಯ ಪೂರ್ವದ ಅಂಚಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಚಾಚಿರುವ ಈ ದ್ವೀಪಸಾಲು, ಮ್ಯಾನ್ಮಾರಿನ ಅರಕಾನ್ ಯೋಮಾ ಪರ್ವತಗಳು ಸಮುದ್ರದಡಿಯಲ್ಲಿ ಮುಂದುವರಿದು, ಅಲ್ಲಲ್ಲಿ ನೀರಿನ ಮೇಲೆ ತಲೆ ಎತ್ತಿದ್ದರಿಂದ ಆದದ್ದು. ಅಂಡಮಾನ್ ಮತ್ತು ನಿಕೋಬಾರ್ ಎಂಬ ಎರಡು ಗುಂಪುಗಳ ನಡುವೆ, ಉತ್ತರ ಅಕ್ಷಾಂಶದ ಹತ್ತನೆಯ ಡಿಗ್ರಿಯ ಮೇಲೆ ಹರಡಿರುವುದರಿಂದ ‘ಟೆನ್ ಡಿಗ್ರಿ ಚಾನೆಲ್’ ಎಂದು ಹೆಸರಾದ ಅಗಲವಾದ ಜಲಸಂಧಿಯಿದೆ. ಅದರ ದಕ್ಷಿಣಕ್ಕಿರುವ ನಿಕೋಬಾರ್ ಸಾಮಾನ್ಯ ಪ್ರವಾಸಿಗೆ ತೆರೆದಿಲ್ಲವಾದ್ದರಿಂದ, ಭಾರತದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನೋಡಿಬರೋಣವೆಂದು ಮಕ್ಕಳಿಗೆ ಮಾತು ಕೊಟ್ಟವರು ಅದನ್ನು ಈಗಲೇ ಹಿಂದಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಎರಡೂ ಗುಂಪು ಸೇರಿ ವಿಸ್ತೀರ್ಣ 8,249 ಚದರ ಕಿಲೋಮೀಟರ್. ನೂರಾರು ದ್ವೀಪಗಳಲ್ಲಿ ಜನವಸತಿಯಿರುವವು ನಲವತ್ತಕ್ಕಿಂತ ಕಡಿಮೆ. 2011ರ ಜನಗಣತಿಯಂತೆ ಒಟ್ಟು ಜನಸಂಖ್ಯೆ 3.8 ಲಕ್ಷ, ನೆಲದ ಶೇಕಡಾ 80ಕ್ಕೂ ಹೆಚ್ಚು ಭಾಗ ಕಾಡು. ಪ್ರವಾಸಿಯ ಪಟ್ಟಿಯಲ್ಲಿ ಬರುವುದು ಇಷ್ಟೆಲ್ಲದರ ಒಂದು ಮೂಲೆ ಮಾತ್ರವೆಂಬುದನ್ನು ಮೊದಲೇ ಒಪ್ಪಿಕೊಂಡರೆ, ‘ಅಂಡಮಾನ್ ಪೂರ್ತಿ ಮುಗಿಸಿಬಂದೆವು’ ಎಂದು ಹೇಳಿಕೊಳ್ಳುವ ಹಂಬಲ ತಾನಾಗಿ ಇಳಿಯುತ್ತದೆ.

ಹೆಸರುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 2018ರ ಡಿಸೆಂಬರ್ 30ರಂದು, ಸುಭಾಷ್ ಚಂದ್ರ ಬೋಸರು ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿದ ಎಪ್ಪತ್ತೈದನೆಯ ವರ್ಷದ ನೆನಪಿಗೆ, ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪವೆಂದೂ ನೀಲ್ ದ್ವೀಪಕ್ಕೆ ಶಹೀದ್ ದ್ವೀಪವೆಂದೂ ರಾಸ್ ದ್ವೀಪಕ್ಕೆ ನೇತಾಜಿಯವರ ಹೆಸರನ್ನೂ ಇಡಲಾಯಿತು. 2021ರಲ್ಲಿ ಮೌಂಟ್ ಹ್ಯಾರಿಯೆಟ್ ಬೆಟ್ಟವು, 1891ರ ಯುದ್ಧದ ನಂತರ ಅಲ್ಲಿ ಸೆರೆಯಲ್ಲಿದ್ದ ಮಣಿಪುರದ ಅರಸ ಮತ್ತು ಅವನ ಸಂಗಡಿಗರ ಸ್ಮರಣೆಗಾಗಿ ಮೌಂಟ್ ಮಣಿಪುರ್ ಆಯಿತು. 2024ರ ಸೆಪ್ಟೆಂಬರಿನಲ್ಲಿ ರಾಜಧಾನಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಎಂದಾಯಿತು. ಟಿಕೆಟಿನ ಮೇಲೆ ಒಂದು ಹೆಸರು, ಆಟೋ ಚಾಲಕನ ಬಾಯಲ್ಲಿ ಇನ್ನೊಂದು, ಹಳೆಯ ನಕ್ಷೆಯಲ್ಲಿ ಮತ್ತೊಂದು ಸಿಗುವ ಸ್ಥಿತಿಯಲ್ಲಿ, ಎರಡೆರಡು ದ್ವೀಪಗಳಿಗೆ ದುಡ್ಡು ಕೊಟ್ಟು ಒಂದನ್ನೇ ನೋಡಿಬರುವ ಪ್ರಮಾದಕ್ಕೆ ಒಳಗಾಗದಂತೆ, ಹೊರಡುವ ಮುನ್ನ ಹಳೆಯ–ಹೊಸ ಹೆಸರುಗಳನ್ನು ಜೋಡಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

ಈಗ ಸೂರ್ಯನ ವಿಷಯ. ಭಾರತದ ಶಿಷ್ಟಕಾಲವು ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಆಧರಿಸಿದ್ದು, ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕೂ ಪೋರ್ಟ್ ಬ್ಲೇರ್ ಹತ್ತು ಡಿಗ್ರಿ ಪೂರ್ವಕ್ಕೂ ಇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ, ಎರಡೂ ಊರುಗಳಲ್ಲಿ ಗಡಿಯಾರ ಒಂದೇ ಸಮಯ ತೋರಿಸುತ್ತಿದ್ದರೂ ದ್ವೀಪದ ಸೂರ್ಯ ಸರಿಸುಮಾರು ಒಂದು ಗಂಟೆ ಮುಂದಿರುತ್ತಾನೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಹೊತ್ತು ಮುಳುಗುತ್ತದೆ. ಬೆಂಗಳೂರಿನ ಅಭ್ಯಾಸದಂತೆ ಒಂಬತ್ತಕ್ಕೆ ತಿಂಡಿ, ಹತ್ತೂವರೆಗೆ ಹೊರಡುವುದು, ಮಧ್ಯಾಹ್ನದ ನಿದ್ದೆ ಮುಗಿಸಿ ನಾಲ್ಕೂವರೆಗೆ ಕಡಲತೀರ ಎಂದು ದಿನವನ್ನು ಹೊಂದಿಸಿದವರಿಗೆ ಸಿಗುವುದು ಕತ್ತಲೆ. ಸ್ವರಾಜ್ ದ್ವೀಪದ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತಕ್ಕೆ ಹೆಸರಾಗಿದ್ದು, ಹಡಗುಕಟ್ಟೆಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿದೆ. ಮಧ್ಯಾಹ್ನದ ಕೊನೆಯ ಹಡಗಿನಲ್ಲಿ ಇಳಿದು, ಕೋಣೆಗೆ ಸಾಮಾನು ಹಾಕಿ, ಕಾಫಿ ಕುಡಿದು ಅಲ್ಲಿಗೆ ಓಡುವ ಕುಟುಂಬಕ್ಕೆ ಎದುರಾಗುವುದು ಹೊರಬರುತ್ತಿರುವ ಜನಜಂಗುಳಿ. ಗಡಿಯಾರವನ್ನು ಮನಸ್ಸಿನಲ್ಲಿಯೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡು, ಬೆಳಗಿನ ಐದೂವರೆಗೆ ಏಳುವ ಸಿದ್ಧತೆಯಿದ್ದವರಿಗೆ ಮಾತ್ರ ಆರು ಹಗಲಿನ ಪ್ರವಾಸ ನಿಜಕ್ಕೂ ಆರು ಹಗಲಾಗುತ್ತದೆ.

ಮಳೆಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ನೈಋತ್ಯ ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1 ಎಂಬುದು ಎಲ್ಲರಿಗೂ ಗೊತ್ತು. ಅದೇ ಮುಂಗಾರು ಅಂಡಮಾನ್ ಸಮುದ್ರದ ಮೇಲೆ ಮೇ ಮೂರನೆಯ ವಾರದ ಹೊತ್ತಿಗೇ ಕಾಲಿಡುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ, ನಂತರ ಅಕ್ಟೋಬರಿನಿಂದ ಡಿಸೆಂಬರಿನ ನಡುವೆ ಹಿಂಗಾರಿನ ಎರಡನೆಯ ಮಳೆ ಮತ್ತು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು, ಅಂದರೆ ಚಂಡಮಾರುತವಾಗಿ ಬೆಳೆಯಬಲ್ಲ ಕಡಿಮೆ ಒತ್ತಡದ ಪ್ರದೇಶಗಳು. ಒಟ್ಟಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಮಲೆನಾಡಿನವರಿಗೆ ಹೊಸದೇನಲ್ಲ. ಆದರೆ ಮಲೆನಾಡಿನಲ್ಲಿ ಮಳೆ ಬಂದರೆ ಕೊಡೆ ಹಿಡಿದು ನಡೆಯಬಹುದು, ಸಮುದ್ರದಲ್ಲಿ ಗಾಳಿ ಎದ್ದರೆ ಹಡಗು ಕಟ್ಟೆ ಬಿಡುವುದಿಲ್ಲ. 2016ರ ಡಿಸೆಂಬರ್ ಮೊದಲ ವಾರದ ಕೊನೆಯಲ್ಲಿ, ಮುಂದೆ ಚೆನ್ನೈಗೆ ಅಪ್ಪಳಿಸಿ ‘ವರ್ದಾ’ ಎಂದು ಕುಖ್ಯಾತವಾದ ಚಂಡಮಾರುತವು ಅಂಡಮಾನಿನ ಬಳಿ ಇನ್ನೂ ಹುಟ್ಟಿಕೊಳ್ಳುತ್ತಿದ್ದಾಗ, ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡು, ಅವರನ್ನು ಕರೆತರಲು ನೌಕಾಪಡೆಯ ಹಡಗುಗಳನ್ನು ಕಳುಹಿಸಬೇಕಾಯಿತು. ಆದ್ದರಿಂದ ಜನವರಿ ಮಧ್ಯದಿಂದ ಏಪ್ರಿಲ್‌ವರೆಗಿನ ತಿಂಗಳುಗಳೇ ಸಮುದ್ರಕ್ಕೆ ನಂಬಿಗಸ್ತವಾದವು. ಶಾಲೆಯ ರಜೆಯ ಕಾರಣಕ್ಕೆ ಅಕ್ಟೋಬರ್ ಅಥವಾ ಡಿಸೆಂಬರಿನಲ್ಲೇ ಹೋಗಬೇಕಾದವರು ಹೋಗಬಾರದೆಂದಲ್ಲ, ಆದರೆ ಕೊನೆಯ ರಾತ್ರಿಯನ್ನು ಪೋರ್ಟ್ ಬ್ಲೇರ್‌ನಲ್ಲೇ ಕಳೆಯುವಂತೆ ಮತ್ತು ಅದರ ಹಿಂದಿನ ಒಂದು ದಿನವನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಖಾಲಿ ಬಿಡುವಂತೆ ಪಟ್ಟಿಯನ್ನು ತಿದ್ದಿಸಬೇಕು. ಬೆಳಗಿನ ಹಡಗಿನಲ್ಲಿ ಸ್ವರಾಜ್ ದ್ವೀಪದಿಂದ ಬಂದು ಮಧ್ಯಾಹ್ನದ ವಿಮಾನ ಹತ್ತಿಸುವ ಯೋಜನೆ ಎಷ್ಟೇ ಅಗ್ಗವಾಗಿದ್ದರೂ ಅದು ಯೋಜನೆಯಲ್ಲ, ಜೂಜು.

ಹಡಗುಗಳಲ್ಲಿ ಸರ್ಕಾರಿ ಮತ್ತು ಖಾಸಗಿ ಎಂಬ ಎರಡು ಬಗೆಗಳಿವೆ. ಸರ್ಕಾರಿ ಹಡಗು ಸ್ವರಾಜ್ ದ್ವೀಪಕ್ಕೆ ಸುಮಾರು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ಅಗ್ಗ, ಮೇಲಿನ ಅಟ್ಟದಲ್ಲಿ ಗಾಳಿಗೆ ನಿಲ್ಲಬಹುದು. ಆದರೆ ಅದು ಮೂಲತಃ ದ್ವೀಪವಾಸಿಗಳು ಆಸ್ಪತ್ರೆಗೆ, ಕಚೇರಿಗೆ, ಮದುವೆಗೆ ಓಡಾಡಲು ಇರುವ ಸೇವೆಯಾದ್ದರಿಂದ ಪ್ರವಾಸಿಗರು ಅದರ ಆಸನಗಳನ್ನೆಲ್ಲ ತುಂಬಿಬಿಡುವುದು ಶೋಭೆಯಲ್ಲ. ಖಾಸಗಿ ಹಡಗು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ, ದುಬಾರಿ, ತಿಂಗಳುಗಳ ಮುಂಚೆಯೇ ಕಾಯ್ದಿರಿಸಬಹುದು, ಮತ್ತು ಮುಚ್ಚಿದ ಹವಾನಿಯಂತ್ರಿತ ಕೋಣೆಯಲ್ಲಿ ಅಲೆಯ ಓಲಾಟದಿಂದ ವಾಂತಿಯಾಗುವ ಸಂಭವ ಹೆಚ್ಚು. ವಿಮಾನದ ಟಿಕೆಟ್ ಕೊಂಡ ದಿನವೇ ಹಡಗಿನದನ್ನೂ ಕೊಳ್ಳಬೇಕು, ಹೋಟೆಲು ಆಮೇಲೆ.

ಎಷ್ಟು ದ್ವೀಪಗಳು ಎಂಬ ಪ್ರಶ್ನೆಗೆ ಈ ಪತ್ರದ ಉತ್ತರ: ಏಳು ದಿನಕ್ಕೆ ಮೂರು, ಐದು ದಿನಕ್ಕೆ ಎರಡು. ಪೋರ್ಟ್ ಬ್ಲೇರ್, ಸ್ವರಾಜ್, ಶಹೀದ್ ಇವು ಮೂರರಲ್ಲಿ ಶಹೀದ್ ದ್ವೀಪವನ್ನು ಬೆಳಗ್ಗೆ ಇಳಿದು ಸಂಜೆ ಬಿಡುವ ‘ಡೇ ಟ್ರಿಪ್’ ಆಗಿ ಪಟ್ಟಿಗಳು ತೋರಿಸುತ್ತವೆ, ಮತ್ತು ಸಾಮಾನ್ಯವಾಗಿ ಹಾಳಾಗುವುದು ಅದೇ ದಿನ. ಕಾರಣ ಉಬ್ಬರವಿಳಿತ. ಕರಾವಳಿಯವರು ಭರತ–ಇಳಿತವೆಂದು ಹೇಳುವ ಈ ಏರಿಳಿತವನ್ನು ಬಯಲುಸೀಮೆಯ ಪ್ರವಾಸಿ ಪುಸ್ತಕದಲ್ಲಿ ಓದಿರುತ್ತಾನೆಯೇ ಹೊರತು ಅದಕ್ಕೆ ತಕ್ಕಂತೆ ದಿನ ಕಳೆದಿರುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಚಂದ್ರನ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸೂರ್ಯನ, ಸೆಳೆತದಿಂದ ಅಂಡಮಾನಿನ ತೀರದಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಚಂದ್ರ ದಿನವೂ ತಡವಾಗಿ ಹುಟ್ಟುವಂತೆ ಈ ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ–ಚಂದ್ರರ ಸೆಳೆತ ಒಂದುಗೂಡುವುದರಿಂದ ಏರಿಳಿತದ ಅಂತರ ಸುಮಾರು ಎರಡು ಮೀಟರಿನಷ್ಟಾಗುತ್ತದೆ, ಅಷ್ಟಮಿಯ ಹೊತ್ತಿಗೆ ತೀರ ಕಡಿಮೆಯಾಗುತ್ತದೆ.

ಶಹೀದ್ ದ್ವೀಪದ ಲಕ್ಷ್ಮಣಪುರದ ಎರಡನೆಯ ತೀರದಲ್ಲಿ, ಸಮುದ್ರ ಕೊರೆದು ಉಳಿಸಿರುವ ಬಂಡೆಯ ಕಮಾನಿನ ಬಳಿಗೆ ಹೋಗಲು ನೀರು ಇಳಿದಿರಬೇಕು. ಇಳಿದಾಗ ಅಲ್ಲಿ ಕಾಣುವುದು ಮರಳಲ್ಲ, ಚೂಪಾದ ಹಳೆಯ ಹವಳದ ಹಾಸು, ಅದರ ನಡುನಡುವೆ ಮೊಣಕಾಲೆತ್ತರದ ನೀರು ನಿಂತ ಗುಂಡಿಗಳು. ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಎರಡು ನಿಮಿಷ ಅಲುಗಾಡದೆ ನೋಡಿದರೆ, ಮೊದಲು ಕಲ್ಲೆಂದು ಕಂಡದ್ದು ಕಪ್ಪು ಸಮುದ್ರಸೌತೆಯಾಗಿ ಮೈ ಎಳೆದುಕೊಳ್ಳುತ್ತದೆ, ಕಲ್ಲಿಗಂಟಿದ ಚಿಪ್ಪಿನ ಅಲೆಅಲೆಯಾದ ಬಾಯಿ ನೆರಳು ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ, ಬೆರಳುದ್ದದ ಮೀನೊಂದು ತನ್ನ ಬಿಲಕ್ಕೆ ಹಿಂದುಹಿಂದಾಗಿ ಸರಿಯುತ್ತದೆ. ಇದೇ ಜಾಗಕ್ಕೆ ನೀರು ಏರಿದ ಹೊತ್ತಿನಲ್ಲಿ ಬಂದವರಿಗೆ ಸಿಗುವುದು ದೂರದಿಂದ ಒಂದು ಕಮಾನಿನ ಚಿತ್ರ ಮತ್ತು ‘ಇಷ್ಟೇನಾ’ ಎಂಬ ಉದ್ಗಾರ. ಪೋರ್ಟ್ ಬ್ಲೇರ್‌ನ ಉಬ್ಬರವಿಳಿತದ ವೇಳಾಪಟ್ಟಿ ಯಾರಿಗೂ ಸಿಗುವಂಥದ್ದು. ಅದೂ ಬೇಡವೆನ್ನುವವರು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರನ್ನಾದರೂ ನೋಡಿ, ಅಮಾವಾಸ್ಯೆ ಅಥವಾ ಹುಣ್ಣಿಮೆಗೆ ಒಂದೆರಡು ದಿನದ ಆಚೀಚೆ ಶಹೀದ್ ದ್ವೀಪದಲ್ಲಿ ಒಂದು ರಾತ್ರಿ ಉಳಿಯುವಂತೆ ಹೊಂದಿಸಬಹುದು. ಬೆಂಗಳೂರಿನ ಪಂಚಾಂಗದ ಸೂರ್ಯೋದಯ ದ್ವೀಪಕ್ಕೆ ಹೊಂದದಿದ್ದರೂ ತಿಥಿ ಹೊಂದುತ್ತದೆ. ಕಲ್ಲಿನ ಮೇಲೆ ನಡೆಯಲು ಗಟ್ಟಿ ಅಟ್ಟೆಯ ಚಪ್ಪಲಿಯೂ ಜೀವಂತ ಹವಳದ ಮೇಲೆ ಕಾಲಿಡದ ಎಚ್ಚರವೂ ಬೇಕು.

ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲೆಂದೇ ತಿಳಿದಿರುವವರಿಗೆ ಒಂದು ಮಾತು: ದಂಡೆ ಕಟ್ಟುವ ಹವಳವು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಪ್ರಾಣಿಗಳ ವಸಾಹತು, ಪ್ರತಿಯೊಂದೂ ಸುಣ್ಣದ ಬಟ್ಟಲನ್ನು ತನ್ನ ಸುತ್ತ ಕಟ್ಟಿಕೊಂಡು, ತನ್ನ ಮೈಯೊಳಗೆ ವಾಸಿಸುವ ಪಾಚಿಯಿಂದ ಬಣ್ಣವನ್ನೂ ಆಹಾರವನ್ನೂ ಪಡೆಯುತ್ತದೆ. ನೀರು ಅತಿಯಾಗಿ ಕಾದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ; ಅಂಡಮಾನಿನಲ್ಲಿ 2010ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಆಯಿತು. ಆದ್ದರಿಂದ ಜಾಹೀರಾತಿನ ಬಣ್ಣಗಳನ್ನು ನಿರೀಕ್ಷಿಸಿ ಹೋಗುವುದು ತಪ್ಪು. ಸತ್ತ ಹವಳದ ಚೂರನ್ನೂ ದೇವರ ಮನೆಗೆಂದು ಎತ್ತಿಕೊಂಡು ಬರುವಂತಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದಂಡೆ ಕಟ್ಟುವ ಹವಳಗಳಿಗೆ ಹುಲಿಗೆ ಕೊಡುವ ದರ್ಜೆಯ ರಕ್ಷಣೆ ಕೊಟ್ಟಿದೆ. ವಾಂಡೂರಿನ ಬಳಿ 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳನ್ನು ವರ್ಷದ ಬೇರೆ ಬೇರೆ ಕಾಲದಲ್ಲಿ ಸರದಿಯಂತೆ ತೆರೆಯುವ ಪದ್ಧತಿಯಿದೆ, ಒಂದಕ್ಕೆ ಜನ ಹೋಗುವಾಗ ಇನ್ನೊಂದು ಉಸಿರಾಡಿಕೊಳ್ಳಲೆಂದು. ಜೋಗಕ್ಕೂ ಮುಳ್ಳಯ್ಯನಗಿರಿಗೂ ಇಂಥದೊಂದು ಸರದಿ ಇದ್ದಿದ್ದರೆ ಎಂದು ಅಲ್ಲಿಗೆ ಹೋದ ಕನ್ನಡಿಗರಿಗೆ ಅನ್ನಿಸದೆ ಇರದು. ಆಮ್ಲಜನಕದ ಸಿಲಿಂಡರ್ ಎಂದು ಜನ ತಪ್ಪಾಗಿ ಹೇಳುವ, ವಾಸ್ತವದಲ್ಲಿ ಒತ್ತಿ ತುಂಬಿದ ಸಾಮಾನ್ಯ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗ್ ಮಾಡುವವರು ಅದನ್ನು ಪ್ರವಾಸದ ಮೊದಲರ್ಧದಲ್ಲೇ ಮುಗಿಸಬೇಕು. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ಪೂರ್ತಿ ಹೊರಹೋಗುವ ಮುನ್ನ ವಿಮಾನ ಹತ್ತುವುದು ಅಪಾಯವಾದ್ದರಿಂದ ನಡುವೆ ಒಂದು ಇಡೀ ದಿನದ ಅಂತರ ಇರಲೇಬೇಕು. ಬರೀ ಡೈವಿಂಗಿಗಾಗಿಯೇ ಹೊರಟವರಿಗೆ ಮುರ್ಡೇಶ್ವರದ ಎದುರಿನ ನೇತ್ರಾಣಿ ಹತ್ತಿರ, ಖರ್ಚೂ ಕಡಿಮೆ.

ಸೆಲ್ಯುಲಾರ್ ಜೈಲಿಗೆ ಪಟ್ಟಿಗಳು ಕೊಡುವುದು ಒಂದು ಗಂಟೆ, ಜೊತೆಗೆ ಸಂಜೆಯ ಧ್ವನಿ–ಬೆಳಕಿನ ಪ್ರದರ್ಶನ. ಇಲ್ಲಿ ಅರ್ಧ ದಿನವೇ ಬೇಕು. ಸಮುದ್ರ ದಾಟಿಸುವ ಶಿಕ್ಷೆಯನ್ನು ಕನ್ನಡದ ಹಳಬರು ‘ಕರಿನೀರು’ ಎಂದು ಕರೆಯುತ್ತಿದ್ದರು. 1858ರ ಮಾರ್ಚಿನಲ್ಲಿ, ಹಿಂದಿನ ವರ್ಷದ ದಂಗೆಯ ಇನ್ನೂರು ಕೈದಿಗಳೊಂದಿಗೆ ಆರಂಭವಾದ ಆ ವಸಾಹತು, 1896ರಿಂದ 1906ರವರೆಗೆ ಕಟ್ಟಿದ ಈ ಜೈಲಿನಲ್ಲಿ ತನ್ನ ಪೂರ್ಣ ರೂಪವನ್ನು ಪಡೆಯಿತು. ನಡುಗೋಪುರದಿಂದ ಸೈಕಲ್ ಚಕ್ರದ ಅರಗಳಂತೆ ಹೊರಟ ಏಳು ಸಾಲು ಕಟ್ಟಡಗಳಲ್ಲಿ ಏಳುನೂರರ ಸಮೀಪದಷ್ಟು ಒಂಟಿಕೋಣೆಗಳಿದ್ದವು. ಈಗ ಉಳಿದಿರುವುದು ಮೂರು ಸಾಲು, ಕೆಡವಿದ ಭಾಗದ ಜಾಗದಲ್ಲಿ ಸರ್ಕಾರಿ ಆಸ್ಪತ್ರೆ ನಡೆಯುತ್ತಿದೆ. ಕೋಣೆಯ ಉದ್ದ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು, ಹಿಂಗೋಡೆಯ ಮೇಲೆ ಸುಮಾರು ಮೂರು ಮೀಟರ್ ಎತ್ತರದಲ್ಲಿ ಒಂದು ಗಾಳಿಕಂಡಿ. ಪ್ರತಿ ಸಾಲಿನ ಬಾಗಿಲುಗಳೂ ಎದುರಿನ ಸಾಲಿನ ಬೆನ್ನಿಗೆ ಮುಖ ಮಾಡಿರುವುದರಿಂದ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುವಂತಿರಲಿಲ್ಲ. ಬಾಗಿಲಿನ ಅಗುಳಿಯನ್ನು ಗಮನಿಸಬೇಕು: ಅದು ಬಾಗಿಲಿಗೆ ಇಲ್ಲ, ಉದ್ದನೆಯ ಕಬ್ಬಿಣದ ತೋಳಾಗಿ ಪಕ್ಕದ ಗೋಡೆಯೊಳಗೆ ಕೊರೆದ ಗೂಡಿನವರೆಗೆ ಚಾಚಿ ಅಲ್ಲಿ ಬೀಗ ಬೀಳುತ್ತದೆ, ಸರಳುಗಳ ನಡುವಿನಿಂದ ಎಷ್ಟು ಕೈ ಚಾಚಿದರೂ ಎಟುಕದ ದೂರದಲ್ಲಿ. ಕುಳಿತು ಲೆಕ್ಕ ಹಾಕಿದ ಒಬ್ಬ ಎಂಜಿನಿಯರನ ಬುದ್ಧಿ ಆ ಗೂಡಿನಲ್ಲಿದೆ. ಅಂಗಳದಲ್ಲಿ ಕೈದಿಗಳನ್ನು ಎತ್ತುಗಳಂತೆ ಕಟ್ಟಿ ದಿನಕ್ಕೆ 30 ಪೌಂಡ್ ತೆಂಗಿನೆಣ್ಣೆ ತೆಗೆಸುತ್ತಿದ್ದ ಗಾಣದ ಮಾದರಿಯಿದೆ. ಮಕ್ಕಳು ಅದನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳಲು ಹವಣಿಸುವಾಗ, 1933ರ ಉಪವಾಸ ಸತ್ಯಾಗ್ರಹದಲ್ಲಿ ಸತ್ತ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೈತ್ರ ಎಂಬ ಮೂವರ ಹೆಸರನ್ನಾದರೂ ಹಿರಿಯರು ಹೇಳಬಹುದು.

ಸ್ವರಾಜ್ ಮತ್ತು ಶಹೀದ್ ದ್ವೀಪಗಳ ಊರುಗಳ ಹೆಸರು, ಗೋವಿಂದನಗರ, ರಾಧಾನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂದೆಲ್ಲ ಇರುವುದನ್ನು ಕಂಡು ಇವು ಪುರಾಣಪ್ರಸಿದ್ಧ ಕ್ಷೇತ್ರಗಳೆಂದು ಭ್ರಮಿಸುವವರಿದ್ದಾರೆ. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಸರ್ಕಾರ ಇಲ್ಲಿ ನೆಲೆಗೊಳಿಸಿತು; ಕಾಡು ಕಡಿದು ಗದ್ದೆ ಮಾಡಿದ ಅವರ ಊರುಗಳಿವು, ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತ ಇರುವ ಬಂಗಾಳಿ ಕ್ಯಾಂಪುಗಳ ನೆಂಟರು ಎನ್ನಬೇಕು. ಸಿಂಧನೂರಿನವರು ಅಲ್ಲಿಗೆ ಹೋದರೆ ಮೀನಿನ ಸಾರಿನ ಘಮವೇ ಗುರುತು ಹೇಳುತ್ತದೆ.

ಈ ಪತ್ರದಲ್ಲಿ ಆಗ್ರಹವೆಂದು ಹೇಳಬೇಕಾದ್ದು ಬಾರಾಟಾಂಗ್ ಪ್ರವಾಸದ ಕುರಿತು. ಸುಣ್ಣಕಲ್ಲಿನ ಗುಹೆ ಮತ್ತು ತಣ್ಣನೆಯ ಕೆಸರನ್ನು ಅನಿಲದೊಂದಿಗೆ ಉಗುಳುವ ‘ಮಡ್ ವಾಲ್ಕೆನೋ’ ತೋರಿಸುವ ನೆಪದಲ್ಲಿ, ಬೆಳಗಿನ ಜಾವ ಎಬ್ಬಿಸಿ ಜಿರ್ಕಾಟಾಂಗ್ ತಪಾಸಣಾ ಠಾಣೆಗೆ ಕರೆದೊಯ್ದು, ಅಲ್ಲಿಂದ ಪೊಲೀಸ್ ಬೆಂಗಾವಲಿನ ವಾಹನಸಾಲಿನಲ್ಲಿ ಜಾರವಾ ಮೀಸಲು ಪ್ರದೇಶದ ಒಳಗಿನ ಸುಮಾರು 50 ಕಿಲೋಮೀಟರ್ ರಸ್ತೆಯನ್ನು ದಾಟಿಸಲಾಗುತ್ತದೆ. ಜಾರವಾ ಎಂಬುದು ಸಾವಿರಾರು ವರ್ಷಗಳಿಂದ ಈ ಕಾಡಿನಲ್ಲಿ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕಿರುವ, ಇಂದು ಕೆಲವೇ ನೂರು ಜನರಿರುವ ಸಮುದಾಯ. ಹೊರಗಿನವರ ಜೊತೆ ಅವರು ಹಗೆತನ ಬಿಟ್ಟು ಬೆರೆಯತೊಡಗಿದ್ದು 1997–98ರಿಂದೀಚೆಗೆ, ಅದಾದ ಮೇಲೆ 1999ರಲ್ಲೂ 2006ರಲ್ಲೂ ಅವರಲ್ಲಿ ದಡಾರ ಹಬ್ಬಿತು. ಹೊರಗಿನವರ ರೋಗ ಏನು ಮಾಡಬಲ್ಲದು ಎಂಬುದಕ್ಕೆ ಗ್ರೇಟ್ ಅಂಡಮಾನಿಗಳ ಉದಾಹರಣೆ ಸಾಕು: ಹತ್ತು ಪಂಗಡಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದವರು ಬ್ರಿಟಿಷ್ ವಸಾಹತಿನ ನಂತರ ದಡಾರ, ಮೇಹರೋಗಗಳಿಗೆ ತುತ್ತಾಗಿ 1961ರ ಹೊತ್ತಿಗೆ 19 ಜನಕ್ಕೆ ಇಳಿದರು, ಮತ್ತು ಆ ಪಂಗಡಗಳಲ್ಲೊಂದಾದ ಬೋ ಜನರ ಭಾಷೆಯನ್ನು ಬಲ್ಲ ಕೊನೆಯ ಮಹಿಳೆ 2010ರ ಜನವರಿಯಲ್ಲಿ ತೀರಿಕೊಂಡಾಗ ಆ ಭಾಷೆ ಅವರ ಜೊತೆಗೇ ಹೋಯಿತು.

ಜಾರವಾ ಮೀಸಲಿನ ಒಳಗಿನ ಈ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಆದೇಶಿಸಿದ್ದರೂ ಸಂಚಾರ ನಿಂತಿಲ್ಲ. ರಸ್ತೆಬದಿಯಲ್ಲಿ ಜಾರವಾ ಹೆಂಗಸರನ್ನು ತಿಂಡಿಯಾಸೆಗೆ ಕುಣಿಸಿದ ದೃಶ್ಯ 2012ರ ಜನವರಿಯಲ್ಲಿ ಬಯಲಾಗಿ ದೇಶ ತಲೆತಗ್ಗಿಸಬೇಕಾಯಿತು. 1956ರ ಆದಿವಾಸಿ ಸಂರಕ್ಷಣಾ ನಿಯಮಾವಳಿಯಂತೆ ಅವರ ಫೋಟೋ ತೆಗೆಯುವುದು ಜೈಲುವಾಸಕ್ಕೆ ಗುರಿಯಾಗುವ ಅಪರಾಧ. ವಾಹನ ನಿಲ್ಲಿಸುವುದು, ತಿನಿಸು ಕೊಡುವುದು ಎರಡಕ್ಕೂ ನಿಷೇಧವಿದೆ. ಕಾನೂನಿಗೆ ಹೆದರಿ ಕ್ಯಾಮೆರಾ ಚೀಲದೊಳಗಿಟ್ಟರೂ, ‘ಕಾಣಿಸುತ್ತಾರಾ, ಕಾಣಿಸುತ್ತಾರಾ’ ಎಂದು ಕಿಟಕಿಗೆ ಮುಖ ಒತ್ತಿಕೊಂಡು ಕೂರುವ ಆ ಎರಡು ಗಂಟೆಯ ಪ್ರಯಾಣ ನಾಗರಹೊಳೆಯ ಸಫಾರಿಯನ್ನೇ ಹೋಲುತ್ತದೆ, ಮತ್ತು ಹಾಗೆ ಹೋಲುವುದರಲ್ಲೇ ಅದರ ಅವಮಾನವಿದೆ. ಗುಹೆಯ ಆಸೆಯನ್ನು ದಾಂಡೇಲಿಯ ಕವಳಾ ಗುಹೆ ತೀರಿಸಬಲ್ಲದು. ಕಾಂಡ್ಲ ಕಾಡಿನ ನಡುವಿನ ಹಳ್ಳದಲ್ಲಿ ದೋಣಿಯ ಸವಾರಿಗಾಗಿಯೇ ಬಾರಾಟಾಂಗ್ ಬೇಕೆನ್ನುವವರು, ಆಡಳಿತವು 2017ರಲ್ಲಿ ತೆರೆದ ಸಮುದ್ರಮಾರ್ಗದಲ್ಲಿ ತಮ್ಮ ದಿನಕ್ಕೆ ದೋಣಿಯಿದೆಯೇ ಎಂದು ವಿಚಾರಿಸಲಿ. ಇಲ್ಲವೆಂದಾದರೆ ಆ ದಿನವನ್ನು, ಮೇಲೆ ಹೇಳಿದ ಖಾಲಿ ದಿನವನ್ನಾಗಿ ಮಾಡಿಕೊಳ್ಳಲಿ.

ಉಳಿದದ್ದು ಚುಟುಕಾಗಿ. ಸಮುದ್ರದಡಿಯ ಕೇಬಲ್ 2020ರಲ್ಲಿ ಚೆನ್ನೈಯಿಂದ ಬಂದಿದ್ದರೂ ಸಣ್ಣ ದ್ವೀಪಗಳಲ್ಲಿ ಮೊಬೈಲ್ ಪಾವತಿ ಕೈಕೊಡುವುದುಂಟು, ನಗದು ಇರಲಿ. ರಾಜಧಾನಿಯ ಕುಡಿಯುವ ನೀರು ಬಹುಪಾಲು ಧನಿಖಾರಿ ಅಣೆಕಟ್ಟಿನ ಮಳೆನೀರು, ಬೇಸಿಗೆಯಲ್ಲಿ ಮನೆಗಳಿಗೆ ಪಡಿತರದಂತೆ ಬಿಡುತ್ತಾರೆ. ಹೋಟೆಲಿನ ನಲ್ಲಿ ಧಾರಾಳವಾಗಿ ಹರಿಯುವುದನ್ನು ಕಂಡು ಮೋಸ ಹೋಗಬಾರದು. ಕೆಲವು ತೀರಗಳಲ್ಲಿ ಉಪ್ಪುನೀರಿನ ಮೊಸಳೆಯ ಎಚ್ಚರಿಕೆಯ ಫಲಕಗಳಿವೆ, ಅವು ಅಲಂಕಾರಕ್ಕೆ ಇಟ್ಟವಲ್ಲ. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಬಂದು ಕುಟುಂಬದ ಜೊತೆ ಸೇರಿಕೊಳ್ಳುವ, ವಿದೇಶಿ ಪೌರತ್ವ ಪಡೆದ ಕನ್ನಡಿಗರಿಗೆ ಬೇರೆ ನಿಯಮಗಳಿರುವುದರಿಂದ ಟಿಕೆಟಿಗೆ ಮೊದಲೇ ಅದನ್ನು ಕೇಳಿಕೊಳ್ಳಬೇಕು.

ಮುಂಗಡ ಕೊಡುವ ಮುನ್ನ ಏಜೆಂಟರಿಗೆ ಮೂರು ಪ್ರಶ್ನೆ ಕೇಳಬೇಕೆಂದು ಈ ಪತ್ರ ಕೋರುತ್ತದೆ: ಶಹೀದ್ ದ್ವೀಪದಲ್ಲಿರುವ ದಿನ ನೀರು ಇಳಿಯುವುದು ಎಷ್ಟು ಗಂಟೆಗೆ, ಹಡಗು ಹೊರಡದಿದ್ದರೆ ಬಳಸಿಕೊಳ್ಳಲು ಪಟ್ಟಿಯಲ್ಲಿ ಖಾಲಿ ದಿನ ಎಲ್ಲಿದೆ, ಬಾರಾಟಾಂಗಿಗೆ ಯಾವ ದಾರಿಯಲ್ಲಿ ಒಯ್ಯುತ್ತೀರಿ. ಮೂರಕ್ಕೂ ತಡವರಿಸದೆ ಉತ್ತರ ಕೊಡುವ ಏಜೆಂಟ್ ಸಾವಿರ ರೂಪಾಯಿ ಹೆಚ್ಚು ಕೇಳಿದರೂ ಕೊಡಬಹುದು.